ತೂಕವಿಲ್ಲದ ಸರಕು

2023ರ ಫೆಬ್ರವರಿ 8ರಂದು ಪ್ರಧಾನಿ ನರೇಂದ್ರ ಮೋದಿ ತಿಳಿನೀಲಿ ಬಣ್ಣದ ತೋಳಿಲ್ಲದ ಜಾಕೆಟ್ ತೊಟ್ಟು ಸಂಸತ್ತಿಗೆ ಬಂದರು. ಕುಡಿದು ಎಸೆದ ಬಾಟಲಿಗಳನ್ನು ಕರಗಿಸಿ ತೆಗೆದ ನೂಲಿನ ಬಟ್ಟೆ ಅದು. ಎರಡು ದಿನ ಮೊದಲು ಬೆಂಗಳೂರಿನ ಇಂಧನ ಸಪ್ತಾಹದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಅದನ್ನು ಅವರಿಗೆ ಕೊಟ್ಟಿತ್ತು. ಬಟ್ಟೆ ತಯಾರಾದದ್ದು ತಮಿಳುನಾಡಿನ ಕರೂರಿನಲ್ಲಿ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನಲ್ಲೂ ಒಂದು ಕರೂರು ಇದೆ. ಹೆಸರು ಬಿಟ್ಟರೆ ಎರಡಕ್ಕೂ ನಂಟಿಲ್ಲ. ಅದು ಜವಳಿಯ ಪಟ್ಟಣ, ಇದು ತುಂಗಭದ್ರೆಯ ಕಾಲುವೆ ಸೀಮೆಯಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ನಂಬಿದ ಊರು. ಆದರೆ ಈ ಕರೂರಿನ ಕಿರಾಣಿ ಅಂಗಡಿಯಲ್ಲಿ ಮಾರುವ ನೀರಿನ ಬಾಟಲಿಯೂ ಆ ಜಾಕೆಟ್ಟಿಗೆ ಬಳಸಿದ ಬಾಟಲಿಯೂ ಒಂದೇ ಪ್ಲಾಸ್ಟಿಕ್ಕಿನವು. ಅದು ನೂಲಾಯಿತು, ಇದು ತಿಪ್ಪೆ ಸೇರಿತು. ಯಾಕೆ ಎಂದರೆ ‘ಹಳ್ಳಿ ಜನಕ್ಕೆ ತಿಳಿವಳಿಕೆ ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಗೋಡೆ ಬರಹ, ಶಾಲಾ ಮಕ್ಕಳ ಜಾಥಾ, ಅಕ್ಟೋಬರ್ 2ರ ಶ್ರಮದಾನ ಎಲ್ಲವೂ ಈ ಉತ್ತರವನ್ನು ನಂಬಿಯೇ ನಡೆಯುತ್ತವೆ. ನನಗೆ ಆ ಉತ್ತರದಲ್ಲಿ ನಂಬಿಕೆಯಿಲ್ಲ. ಕಬ್ಬಿಣದ ಚೂರು, ತಾಮ್ರದ ತಂತಿ, ಹಳೇ ಪೇಪರು ಯಾವ ಜಾಥಾವೂ ಇಲ್ಲದೆ ಗುಜರಿ ಅಂಗಡಿ ಸೇರುತ್ತವೆ. ಅವಕ್ಕೆ ತೂಕವಿದೆ, ತೂಕಕ್ಕೆ ಬೆಲೆಯಿದೆ. ಬಾಟಲಿಗೆ ಅದಿಲ್ಲ. ಹಳ್ಳಿಯ ಬಾಟಲಿ ಮರುಬಳಕೆಗೆ ಹೋಗಬೇಕಾದರೆ ತಿದ್ದಬೇಕಾದದ್ದು ಜನರ ನಡತೆಗಿಂತ ಮೊದಲು ಆ ಲೆಕ್ಕವನ್ನು.

ತಂತ್ರಜ್ಞಾನ ಇಲ್ಲ ಎನ್ನುವಂತಿಲ್ಲ. ಬಾಟಲಿಯ ತಳ ತಿರುಗಿಸಿ ನೋಡಿದರೆ ಬಾಣಗಳ ತ್ರಿಕೋನದೊಳಗೆ ಒಂದು ಅಂಕಿ ಕಾಣುತ್ತದೆ. ನೀರಿನ, ತಂಪು ಪಾನೀಯದ ಬಾಟಲಿಗಳಲ್ಲಿ ಅದು 1, ಅಂದರೆ ಪೆಟ್. ಗಾಜಿನಂತೆ ಪಾರದರ್ಶಕವಾದ ಅಡುಗೆ ಎಣ್ಣೆ ಬಾಟಲಿಗಳೂ ಬಹುಪಾಲು ಇದೇ. ಹಾಲುಬಿಳುಪಿನ ಕ್ಯಾನು, ಶಾಂಪೂ ಡಬ್ಬಿ, ಎಂಜಿನ್ ಆಯಿಲ್ ಡಬ್ಬಿಗಳ ಮೇಲೆ ಸಾಮಾನ್ಯವಾಗಿ 2 ಇರುತ್ತದೆ. ಅದು ಗಡುಸಾದ ಪಾಲಿಥೀನ್, ವ್ಯಾಪಾರದವರ ಬಾಯಲ್ಲಿ ಎಚ್‌ಡಿ. ಮುಚ್ಚಳಗಳು 2 ಅಥವಾ 5ನೇ ಅಂಕಿಯವು. ಈ ಅಂಕಿ ಪ್ಲಾಸ್ಟಿಕ್ಕಿನ ಜಾತಿಯನ್ನಷ್ಟೇ ಹೇಳುತ್ತದೆ, ಅದು ಮರುಬಳಕೆ ಆಗಿಯೇ ಆಗುತ್ತದೆ ಎಂಬ ಭರವಸೆಯನ್ನಲ್ಲ. ಬಾಣದ ಗುರುತು ನೋಡಿ ಮೋಸಹೋಗುವವರು ಓದಿದವರೇ ಹೆಚ್ಚು. ಕಾರ್ಖಾನೆಯಲ್ಲಿ ಬಾಟಲಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸಿ, ಪುಡಿಪುಡಿಯಾಗಿ ಕತ್ತರಿಸಿ, ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆಯುತ್ತಾರೆ. ಪೆಟ್ ನೀರಿಗಿಂತ ಭಾರ, ಹಾಗಾಗಿ ತೊಟ್ಟಿಯ ತಳ ಸೇರುತ್ತದೆ. ಮುಚ್ಚಳದ ಚೂರು ಹಗುರ, ತೇಲುತ್ತದೆ. ಆದ್ದರಿಂದ ಮುಚ್ಚಳ ಬೇರೆ ಮಾಡಿ ಕೊಡಿ ಎಂಬ ಹಳೆಯ ಸಲಹೆಯನ್ನು ಈಗ ಬಿಡಬಹುದು. ಬಾಟಲಿ ಖಾಲಿ ಮಾಡಿ, ಅಪ್ಪಚ್ಚಿಯಾಗಿ ತುಳಿದು, ಮುಚ್ಚಳ ತಿರುಗಿಸಿ ಹಾಕಿದರೆ ಎರಡೂ ದಾರಿ ತಪ್ಪುವುದಿಲ್ಲ. ಕೆಡಿಸುವುದು ಪಿವಿಸಿ ಎಂಬ ಇನ್ನೊಂದು ಜಾತಿಯ ಪ್ಲಾಸ್ಟಿಕ್. ಅದೂ ನೀರಿನಲ್ಲಿ ಮುಳುಗುವುದರಿಂದ ತೊಟ್ಟಿಯಲ್ಲಿ ಬೇರೆಯಾಗದು; ಪೆಟ್ ಕರಗುವ 250 ಡಿಗ್ರಿ ಸೆಲ್ಸಿಯಸ್‌ನ ಶಾಖದಲ್ಲಿ ಅದು ಸುಟ್ಟು, ಆಮ್ಲ ಬಿಟ್ಟು, ಇಡೀ ಪಾಕವನ್ನು ಹಳದಿಗೆಡಿಸುತ್ತದೆ. ಶುದ್ಧವಾಗಿ ಬಂದ ಚೂರುಗಳಿಂದ ನೂಲು, ದಿಂಬಿನ ಹತ್ತಿ, ಜಮಖಾನೆ ಆಗುತ್ತವೆ. ಇನ್ನೂ ಹೆಚ್ಚು ಸಂಸ್ಕರಿಸಿದರೆ ಮತ್ತೆ ಬಾಟಲಿಯೇ ಆಗುತ್ತದೆ. ಎಚ್‌ಡಿ ಡಬ್ಬಿಗಳು ಕರಗಿ ಸಣ್ಣ ಹರಳಾಗಿ, ಪೈಪು, ಬಕೆಟ್ಟು, ಬುಟ್ಟಿಗಳಾಗುತ್ತವೆ. ಪೆಟ್ ಬಾಟಲಿಗೆ ಅಮೆರಿಕದ ನಥಾನಿಯಲ್ ವೈತ್ ಪೇಟೆಂಟ್ ಪಡೆದದ್ದು 1973ರಲ್ಲಿ. ಅಂದಿನಿಂದ ಈಚೆಗೆ ಮರುಬಳಕೆಯ ವಿದ್ಯೆ ಸಾಕಷ್ಟು ಪಳಗಿದೆ. ಬಾಟಲಿಯೇ ಅಲ್ಲಿಗೆ ತಲುಪುತ್ತಿಲ್ಲ.

ಯಾಕೆ ತಲುಪುವುದಿಲ್ಲ ಎಂಬುದಕ್ಕೆ ದೊಡ್ಡ ಲೆಕ್ಕವೇನೂ ಬೇಡ. ಒಂದು ಲೀಟರಿನ ಖಾಲಿ ಬಾಟಲಿ ಇಪ್ಪತ್ತು–ಇಪ್ಪತ್ತೈದು ಗ್ರಾಂ ತೂಗುತ್ತದೆ. ಒಂದು ಕಿಲೋ ಆಗಲು ನಲವತ್ತರಿಂದ ಐವತ್ತು ಬಾಟಲಿ ಬೇಕು. ಗುಜರಿಯವರು ಕಿಲೋಗೆ ಇಪ್ಪತ್ತು ರೂಪಾಯಿ ಕೊಟ್ಟರು ಎಂದೇ ಇಟ್ಟುಕೊಳ್ಳಿ, ಒಂದು ಬಾಟಲಿಗೆ ಬೀಳುವುದು ನಲವತ್ತು–ಐವತ್ತು ಪೈಸೆ. ಅದಕ್ಕಾಗಿ ಯಾರೂ ಬಗ್ಗುವುದಿಲ್ಲ, ಬಗ್ಗಬೇಕೆಂದು ಹೇಳುವವರೂ ಬಗ್ಗುವುದಿಲ್ಲ. ಸಾಗಣೆಗೆ ಬಂದರೆ ಲೆಕ್ಕ ಇನ್ನೂ ಕೆಡುತ್ತದೆ. ಮುಕ್ಕಾಲು ಟನ್ ಹೊರುವ ಸಣ್ಣ ಗೂಡ್ಸ್ ಗಾಡಿಗೆ 75 ಕಿಲೋ ತೂಕದ ಹತ್ತು ಭತ್ತದ ಚೀಲ ಹೇರಬಹುದು. ಅದೇ ಗಾಡಿಗೆ ಬಲೆ ಕಟ್ಟಿ ಮೇಲಿನವರೆಗೆ ಇಡೀ ಬಾಟಲಿ ತುಂಬಿದರೂ ಎಪ್ಪತ್ತು–ಎಂಬತ್ತು ಕಿಲೋ ದಾಟುವುದು ಕಷ್ಟ. ಉಳಿದದ್ದೆಲ್ಲ ಗಾಳಿ. ಹಳ್ಳಿಯಿಂದ ಸಿರುಗುಪ್ಪಕ್ಕೆ, ಅಲ್ಲಿಂದ ಬಳ್ಳಾರಿಗೆ, ಅಲ್ಲಿಂದ ಬೆಂಗಳೂರಿನ ನಾಯಂಡಹಳ್ಳಿಯಂಥ ಕಡೆಗೆ ಈ ಗಾಳಿಯನ್ನು ಹೊತ್ತೊಯ್ಯಲು ಡೀಸೆಲ್ಲಿಗೂ ಹುಟ್ಟುವುದಿಲ್ಲ. ನೀರಿನ ಬಾಟಲಿಯ ಮೇಲೆ ‘ಕ್ರಷ್ ದಿ ಬಾಟಲ್ ಆಫ್ಟರ್ ಯೂಸ್’ ಎಂದು ಅಚ್ಚಾಗಿರುತ್ತದಲ್ಲ, ಖಾಲಿ ಬಾಟಲಿಗೆ ಕೊಳಕು ನೀರು ತುಂಬಿ ಮತ್ತೆ ಮಾರದಿರಲಿ ಎಂಬ ಉದ್ದೇಶ ಅದಕ್ಕೆ. ಆದರೆ ಸಾಗಣೆಯ ಲೆಕ್ಕದಲ್ಲೂ ಅದು ಒಳ್ಳೆಯ ಮಾತು. ತುಳಿದ ಬಾಟಲಿ ಮೂರನೇ ಒಂದು ಭಾಗ ಜಾಗವನ್ನಷ್ಟೇ ತಿನ್ನುತ್ತದೆ. ಒತ್ತುಯಂತ್ರದಲ್ಲಿ ಬೇಲ್ ಕಟ್ಟಿದರೆ ಅದೇ ಗಾಡಿ ತನ್ನ ಪೂರ್ತಿ ತಾಕತ್ತಿನಷ್ಟು ಹೊರುತ್ತದೆ. ಕಚ್ಚಾ ತೈಲದ ಬೆಲೆ ಇಳಿದಾಗ ಹೊಸ ಪ್ಲಾಸ್ಟಿಕ್ ಅಗ್ಗವಾಗಿ ಹಳೆಯದನ್ನು ಕೇಳುವವರೇ ಇರುವುದಿಲ್ಲ ಎಂಬುದು ಬೇರೆ ಕಷ್ಟ. ಹಳ್ಳಿಯ ಬಾಟಲಿಯ ಹಣೆಬರಹ ಹೀಗೆ ಕೊಲ್ಲಿ ದೇಶಗಳ ತೈಲಬಾವಿಗೂ ಗಂಟುಬಿದ್ದಿದೆ.

ಹೋಗದೆ ಉಳಿದ ಬಾಟಲಿ ಎಲ್ಲಿ ಸೇರುತ್ತದೆ ಎಂಬುದು ಕಾಲುವೆ ಸೀಮೆಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಒಂದಿಷ್ಟು ತಿಪ್ಪೆಗೆ ಹೋಗಿ ಗೊಬ್ಬರದ ಜೊತೆ ಹೊಲ ಸೇರುತ್ತದೆ. ಒಂದಿಷ್ಟು ಸ್ನಾನದ ನೀರು ಕಾಯಿಸುವ ಒಲೆಗೆ ಹೋಗುತ್ತದೆ. ಹಸಿ ಕಟ್ಟಿಗೆ ಹತ್ತಿಸಲು ಪ್ಲಾಸ್ಟಿಕ್ಕಿನಷ್ಟು ಸಲೀಸಾದದ್ದು ಬೇರೊಂದಿಲ್ಲ, ಹಾಗೆಯೇ ಮನೆಯೊಳಗಿನವರ ಎದೆಗೂಡಿಗೆ ಅದರಷ್ಟು ಕೆಟ್ಟದ್ದೂ ಅಪರೂಪ. ಪಿವಿಸಿ ಚೂರು ಬೆರೆತರಂತೂ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಘೋರ ವಿಷವೂ ಹುಟ್ಟುತ್ತದೆ. ಉಳಿದದ್ದು ಕಾಲುವೆಗೆ. ನೀರು ನಿಂತ ತಿಂಗಳುಗಳಲ್ಲಿ ಒಣಗಿದ ಕಾಲುವೆ ಊರಿನ ಕಸದ ಗುಂಡಿಯಾಗುತ್ತದೆ. ಜಲಾಶಯದಿಂದ ನೀರು ಬಿಟ್ಟ ದಿನ ಅದೆಲ್ಲ ಎದ್ದು ತೇಲಿ, ತೂಬಿನ ಬಾಯಿಗೆ ಕಚ್ಚಿಕೊಳ್ಳುತ್ತದೆ. ತುಂಗಭದ್ರೆಯ ನೀರಿಗಾಗಿ ಕೊನೆ ಭಾಗದ ರೈತರು ಪಡುವ ಪಾಡು ಈ ಸೀಮೆಯಲ್ಲಿ ಹೊಸದಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಇಡೀ ನಾಡು ಇತ್ತ ತಿರುಗಿ ನೋಡಿತು. ತೂಬಿಗೆ ಅಡ್ಡಬಿದ್ದ ಬಾಟಲಿಯ ಕಸವನ್ನು ಮಾತ್ರ ಯಾರೂ ನೋಡುವುದಿಲ್ಲ, ಮೊಣಕಾಲು ನೀರಿಗಿಳಿದು ರೈತನೇ ಕಿತ್ತು ದಂಡೆಗೆ ಎಸೆಯುತ್ತಾನೆ, ಮುಂದಿನ ಮಳೆಗೆ ಅದು ಮತ್ತೆ ಒಳಗೆ.

ಸರ್ಕಾರ ಸುಮ್ಮನೆ ಕೂತಿಲ್ಲ ಎಂಬುದನ್ನೂ ಹೇಳಬೇಕು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಮೊದಲ ಬಾರಿಗೆ ಗ್ರಾಮ ಪಂಚಾಯಿತಿಗಳ ಮೇಲೂ ಹೊಣೆ ಹೊರಿಸಿದವು. ಅದೇ ವರ್ಷದ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕೈಚೀಲ, ಫ್ಲೆಕ್ಸ್, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ನೀರಿನ ಬಾಟಲಿ ಈ ಎರಡು ಪಟ್ಟಿಗಳಲ್ಲೂ ಇಲ್ಲ. ಸ್ವಚ್ಛ ಭಾರತ ಮಿಷನ್ನಿನ ಎರಡನೇ ಹಂತದಲ್ಲಿ ಪಂಚಾಯಿತಿಗಳಿಗೆ ‘ಸ್ವಚ್ಛ ಸಂಕೀರ್ಣ’ ಎಂಬ ಕಸ ವಿಂಗಡಣೆಯ ಕಟ್ಟಡ ಬಂತು, ಮನೆ ಮನೆಗೆ ಹೋಗುವ ‘ಸ್ವಚ್ಛ ವಾಹಿನಿ’ ಗಾಡಿ ಬಂತು, ಅನೇಕ ಕಡೆ ಅದನ್ನು ಓಡಿಸುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ತಾಲ್ಲೂಕಿಗೊಂದು ಪ್ಲಾಸ್ಟಿಕ್ ಘಟಕ ಕಟ್ಟಲು 16 ಲಕ್ಷ ರೂಪಾಯಿವರೆಗೆ ಅವಕಾಶವಿದೆ. ಕಟ್ಟಡಕ್ಕೂ ಗಾಡಿಗೂ ಒಮ್ಮೆ ದುಡ್ಡು ಬರುತ್ತದೆ. ದಿನದಿನದ ಡೀಸೆಲ್ಲು, ಕೂಲಿಗೆ ಮಾತ್ರ ಪಂಚಾಯಿತಿಯೇ ಬೆವರಬೇಕು. ಒಂದೇ ಪಂಚಾಯಿತಿಯ ಬಾಟಲಿ ಎಷ್ಟೇ ವಿಂಗಡಿಸಿದರೂ ಒಂದು ಲಾರಿ ಆಗುವುದಿಲ್ಲ. ಇದಕ್ಕೆ ದಾರಿ ಕಂಡುಕೊಂಡದ್ದು ಉಡುಪಿ ಜಿಲ್ಲೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ವಿಂಗಡಿಸಬಲ್ಲ ಘಟಕ ಕಟ್ಟಿ, ನಲವತ್ತಕ್ಕೂ ಹೆಚ್ಚು ಪಂಚಾಯಿತಿಗಳ ಕಸವನ್ನು ಅಲ್ಲಿಗೇ ತರುವ ಏರ್ಪಾಡು ಮಾಡಿದರು. ಅಷ್ಟು ಊರುಗಳ ಹಗುರ ಕಸ ಒಂದೆಡೆ ಬಿದ್ದಾಗ ಅದಕ್ಕೆ ತೂಕ ಬಂತು, ಬೇಲ್ ಕಟ್ಟುವ ಯಂತ್ರಕ್ಕೆ ಕೆಲಸ ಸಿಕ್ಕಿತು, ಕೊಳ್ಳುವವನ ಲಾರಿ ಬಾಗಿಲಿಗೇ ಬರುವಂತಾಯಿತು. ಸಿರುಗುಪ್ಪ ಸೀಮೆಯ ಊರುಗಳು ಕರಾವಳಿಯ ಹಾಗೆ ತೋಟದ ನಡುವೆ ಚದುರಿದ ಒಂಟಿಮನೆಗಳಲ್ಲ, ಒತ್ತೊತ್ತಾದ ಮನೆಗಳ ಊರುಗಳು. ಬಯಲು ಸೀಮೆ, ಘಾಟಿಯಿಲ್ಲ. ನಿಟ್ಟೆಯಲ್ಲಿ ಆದದ್ದು ಇಲ್ಲಿ ಇನ್ನೂ ಸುಲಭವಾಗಿ ಆಗಬೇಕು. ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳೆರಡೂ ಸೇರಿ ಒಂದೇ ದೊಡ್ಡ ಘಟಕ ನಡೆಸುವುದೇ ಜಾಣತನ ಎಂದು ನನಗೆ ತೋರುತ್ತದೆ. ಎರಡು ಸಣ್ಣವು ಇಬ್ಬರಿಗೂ ಹೊರೆ.

‘ಇಷ್ಟೆಲ್ಲ ಯಾಕೆ? ಭಾರತದಲ್ಲಿ ಪೆಟ್ ಬಾಟಲಿ ನೂರಕ್ಕೆ ತೊಂಬತ್ತರಷ್ಟು ಮರುಬಳಕೆ ಆಗುತ್ತದಂತೆ, ಜಗತ್ತಿಗೇ ನಾವು ಮಾದರಿಯಂತೆ’ ಎನ್ನುವವರಿದ್ದಾರೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ 2017ರ ಅಧ್ಯಯನದಿಂದ ಬಂದ ಅಂಕಿ ಅದು, ಬಾಟಲಿ ಉದ್ಯಮದವರಿಗೆ ಬಲು ಪ್ರಿಯ. ಇರಲಿ, ನಿಜವೆಂದೇ ಒಪ್ಪೋಣ. ಆ ತೊಂಬತ್ತನ್ನು ಸಾಧಿಸಿದವರು ಯಾರು? ನಗರದ ಬೀದಿಗಳಲ್ಲಿ ಬೆಳಗಾಗುವ ಮೊದಲೇ ಗೋಣಿಚೀಲ ಹೊತ್ತು ಹೊರಡುವ ಚಿಂದಿ ಆಯುವವರು. ಬೆಂಗಳೂರಿನ ಒಂದು ಬಸ್ ನಿಲ್ದಾಣದಲ್ಲಿ ಒಂದು ತಾಸಿನಲ್ಲಿ ಸಿಗುವಷ್ಟು ಬಾಟಲಿ ಹಳ್ಳಿಯಲ್ಲಿ ಇಡೀ ದಿನ ಅಲೆದರೂ ಸಿಗದು. ಆದ್ದರಿಂದ ಆಯುವವರು ಹಳ್ಳಿಗೆ ಬರುವುದಿಲ್ಲ. ದೇಶದ ಸರಾಸರಿ ತೊಂಬತ್ತಾದರೆ ಉಳಿದ ಹತ್ತು ಎಲ್ಲಿ ಗುಂಪುಗೂಡಿರುತ್ತದೆ ಎಂದು ಕೇಳಬೇಕು. ಅದು ಇಂಥ ಊರುಗಳಲ್ಲಿ, ಇಂಥ ಕಾಲುವೆಗಳಲ್ಲಿ. ಇನ್ನು ಆ ಹೆಮ್ಮೆಯ ಅಂಕಿಯ ಹಿಂದಿರುವವರಿಗೆ ಗುರುತಿನ ಚೀಟಿ ಸಿಗಲೂ ಬೆಂಗಳೂರಿನಲ್ಲಿ ಹೋರಾಟವೇ ಬೇಕಾಯಿತು. ಹಸಿರು ದಳದಂಥ ಸಂಘಟನೆಗಳು ಬೆನ್ನಿಗೆ ನಿಂತು, ಆಯುವವರೇ ವಾರ್ಡಿನ ಒಣಕಸ ಕೇಂದ್ರ ನಡೆಸುವಂತಾದದ್ದು ಈಚೆಗೆ. ದೇಶದ ಮರುಬಳಕೆ ಎಂದು ನಾವು ಕರೆಯುವುದು ಬಹುಮಟ್ಟಿಗೆ ಬಡತನದ ಬೆನ್ನಮೇಲೆ ನಿಂತದ್ದು, ಎಲ್ಲಿ ಆ ಬಡತನಕ್ಕೂ ದಿನದ ಕೂಲಿ ಹುಟ್ಟುವುದಿಲ್ಲವೋ ಅಲ್ಲಿ ಮರುಬಳಕೆಯೂ ಇಲ್ಲ.

ಹಾಗಾದರೆ ದುಡ್ಡು ಯಾರು ಕೊಡಬೇಕು? ಕಾಯಿದೆಯ ಉತ್ತರ ಸ್ಪಷ್ಟವಿದೆ: ಬಾಟಲಿಯಲ್ಲಿ ತುಂಬಿ ಮಾರಿದ ಕಂಪನಿ. 2022ರ ಫೆಬ್ರವರಿಯಲ್ಲಿ ಬಂದ ಉತ್ಪಾದಕರ ಹೊಣೆಗಾರಿಕೆಯ ಮಾರ್ಗಸೂಚಿಯ ಪ್ರಕಾರ ಬಾಟಲಿ, ಡಬ್ಬಿಯಂಥ ಗಟ್ಟಿ ಪ್ಲಾಸ್ಟಿಕ್ ಬಳಸುವ ಕಂಪನಿಗಳು ವರ್ಷವರ್ಷಕ್ಕೆ ಏರುವ ಗುರಿ ಮುಟ್ಟಬೇಕು. 2027–28ರ ಹೊತ್ತಿಗೆ ಶೇಕಡ 80ರಷ್ಟು ಮರುಬಳಕೆ ಆಗಿರಬೇಕು ಎಂದು ಅದು ಹೇಳುತ್ತದೆ. ಆದರೆ ಕಂಪನಿ ತನ್ನ ಬಾಟಲಿಯನ್ನೇ ಕರೂರಿಗೆ ಬಂದು ಹೆಕ್ಕಬೇಕಿಲ್ಲ. ಎಲ್ಲೋ ಒಂದು ಮರುಬಳಕೆ ಘಟಕ ಇಷ್ಟು ಟನ್ ಕರಗಿಸಿದೆ ಎಂಬ ಪ್ರಮಾಣಪತ್ರ ಕೊಂಡರೆ ಸಾಕು. ಕೊಳ್ಳುವವನಿಗೆ ಬೇಕಾದದ್ದು ಅಗ್ಗದ ಪ್ರಮಾಣಪತ್ರ, ಅಗ್ಗದ್ದು ಹುಟ್ಟುವುದು ಬಾಟಲಿ ದಂಡಿಯಾಗಿ ಸಿಗುವ ನಗರದಲ್ಲಿ. ಹೀಗಾಗಿ ಈ ಹಣ ಹಳ್ಳಿಯ ದಾರಿ ಹಿಡಿಯುವುದೇ ಇಲ್ಲ. ಕಾಗದ ಕಾಗದವೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ನಡೆಸಿದಾಗ ಗುಜರಾತ್, ಮಹಾರಾಷ್ಟ್ರ ಮತ್ತು ನಮ್ಮ ಕರ್ನಾಟಕದ ಕೆಲವು ಘಟಕಗಳು ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಹುಟ್ಟಿಸಿದ್ದು ಬಯಲಾಯಿತು. ಇಲ್ಲದ ಬಾಟಲಿ ಕಾಗದದಲ್ಲಿ ಕರಗಿತ್ತು, ಇದ್ದ ಬಾಟಲಿ ಕಾಲುವೆಯಲ್ಲಿ ತೇಲುತ್ತಲೇ ಇತ್ತು.

ನನ್ನ ಮಟ್ಟಿಗೆ ದಾರಿ ಹಳೆಯದೇ: ಠೇವಣಿ. ಗಾಜಿನ ಬಾಟಲಿಯ ಸೋಡಾ, ತಂಪು ಪಾನೀಯಗಳ ಕಾಲದಲ್ಲಿ ಬಾಟಲಿ ಮನೆಗೊಯ್ಯಬೇಕಾದರೆ ಅಂಗಡಿಯವನ ಬಳಿ ದುಡ್ಡು ಇಟ್ಟು ಹೋಗಬೇಕಿತ್ತು, ವಾಪಸು ತಂದರೆ ದುಡ್ಡು ವಾಪಸು. ಅದನ್ನೇ ಪ್ಲಾಸ್ಟಿಕ್ಕಿಗೆ ಹಾಕುವುದು. ಜರ್ಮನಿ 2003ರಿಂದ ಒಮ್ಮೆ ಬಳಸಿ ಬಿಸಾಡುವ ಪಾನೀಯದ ಬಾಟಲಿ, ಡಬ್ಬಿಗಳಿಗೆ 25 ಸೆಂಟ್ ಠೇವಣಿ ಹಿಡಿಯುತ್ತದೆ. ಅವುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮರಳಿ ಬರುತ್ತವೆ. ಜರ್ಮನಿಯ ಮಾತು ಬಿಡಿ ಎನ್ನುವವರು ಮಗ್ಗುಲಿನ ನೀಲಗಿರಿ ನೋಡಲಿ. ಕಾಡಿನಲ್ಲಿ ಒಡೆದ ಮದ್ಯದ ಬಾಟಲಿ ಆನೆಗಳ ಕಾಲು ಸೀಳುತ್ತಿದ್ದುದರಿಂದ ಮದ್ರಾಸ್ ಹೈಕೋರ್ಟ್ ಬಿಸಿ ಮುಟ್ಟಿಸಿ, 2022ರ ಮೇ ತಿಂಗಳಿಂದ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ತಂದುಕೊಟ್ಟರೆ ಮರಳಿಸುವ ಪದ್ಧತಿ ಬಂತು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬಾಟಲಿ ವಾಪಸು ಬಂದವು. ಕುಡಿದವರ ನಾಗರಿಕ ಪ್ರಜ್ಞೆ ಒಂದೇ ತಿಂಗಳಲ್ಲಿ ಬೆಳೆದಿರಲಾರದು, ಕೆಲಸ ಮಾಡಿದ್ದು ಹತ್ತು ರೂಪಾಯಿ. ಅದೇ ವರ್ಷ ಕೇದಾರನಾಥದ ಯಾತ್ರೆಯಲ್ಲಿ ಪ್ಲಾಸ್ಟಿಕ್ ಬಾಟಲಿಗಳಿಗೆ ಕ್ಯೂಆರ್ ಚೀಟಿ ಅಂಟಿಸಿ 10 ರೂಪಾಯಿ ಠೇವಣಿ ಇಟ್ಟರು. ಕೇರಳ ತನ್ನ ಸರ್ಕಾರಿ ಮದ್ಯದಂಗಡಿಗಳ ಪ್ಲಾಸ್ಟಿಕ್ ಬಾಟಲಿಗೂ 20 ರೂಪಾಯಿಯ ಠೇವಣಿಯನ್ನು 2025ರ ಸೆಪ್ಟೆಂಬರಿನಲ್ಲಿ ತಿರುವನಂತಪುರ, ಕಣ್ಣೂರುಗಳಲ್ಲಿ ಪ್ರಯೋಗಕ್ಕೆ ತಂದಿತು. ಈಗ ಹಿಂದಿನ ಲೆಕ್ಕಕ್ಕೆ ಮರಳಿ. ಗುಜರಿಯಲ್ಲಿ ನಲವತ್ತು ಪೈಸೆ ಬೆಲೆಯ ಬಾಟಲಿಗೆ ಎರಡೇ ರೂಪಾಯಿ ಠೇವಣಿ ಇಟ್ಟರೂ ಐದು ಪಟ್ಟಾಯಿತು. ನಲವತ್ತು ಬಾಟಲಿಗೆ ಎಂಬತ್ತು ರೂಪಾಯಿ. ಆಗ ಕಾಲುವೆ ದಂಡೆಯಲ್ಲಿ ಬಿದ್ದ ಬಾಟಲಿಯನ್ನು ದನ ಕಾಯುವ ಹುಡುಗನೂ ಬಿಡುವುದಿಲ್ಲ. ತೈಲದ ಬೆಲೆ ಏರಲಿ ಇಳಿಯಲಿ, ಆ ಎರಡು ರೂಪಾಯಿ ಅಲುಗುವುದಿಲ್ಲ.

ಇದಕ್ಕೆ ಬರುವ ತಕರಾರುಗಳಲ್ಲಿ ಹುರುಳಿದೆ. ಬಡವನ ಮೇಲೆ ಹೊರೆ ಎಂಬುದು ಮೊದಲನೆಯದು. ಠೇವಣಿ ತೆರಿಗೆಯಲ್ಲ, ಮರಳುವ ದುಡ್ಡು. ಪೇಟೆಯವರು ಬಿಸಾಕಿದ್ದನ್ನು ಬಡವರೇ ಹೆಕ್ಕಿ ದುಡಿಯುತ್ತಾರೆ, ಹೊರೆ ಬೀಳುವುದು ಬಿಸಾಕುವವನ ಮೇಲೆ. ಅಂಗಡಿಯವರ ಕಷ್ಟ ಇದಕ್ಕಿಂತ ನಿಜವಾದದ್ದು. ಎಂಟಡಿ ಅಗಲದ ಕಿರಾಣಿ ಅಂಗಡಿಯಲ್ಲಿ ಅಕ್ಕಿ ಚೀಲಕ್ಕೇ ಜಾಗವಿಲ್ಲ, ಖಾಲಿ ಬಾಟಲಿಯ ಗುಡ್ಡವನ್ನು ಎಲ್ಲಿ ಇಡಬೇಕು? ನೀಲಗಿರಿಯಲ್ಲೂ ಮದ್ಯದಂಗಡಿಯ ನೌಕರರು ಇದೇ ಗೋಳು ತೋಡಿಕೊಂಡರು. ಆದ್ದರಿಂದ ಹಳ್ಳಿಯಲ್ಲಿ ವಾಪಸು ಪಡೆಯುವ ಜಾಗ ಅಂಗಡಿ ಆಗಬಾರದು, ಪಂಚಾಯಿತಿಯ ಸ್ವಚ್ಛ ಸಂಕೀರ್ಣವೇ ಆಗಬೇಕು. ಪ್ರತಿ ಬಾಟಲಿಗೆ ಇಷ್ಟು ಪೈಸೆ ಎಂದು ಕಂಪನಿಯಿಂದ ನಿರ್ವಹಣಾ ಶುಲ್ಕವೂ ಅದಕ್ಕೆ ಬರಬೇಕು. ಗಾಡಿ ಓಡಿಸುವ ಹೆಣ್ಣುಮಗಳ ಸಂಬಳಕ್ಕೆ ಪಂಚಾಯಿತಿ ಕೈಚಾಚದಿರಲು ಇದಕ್ಕಿಂತ ಗಟ್ಟಿ ಆದಾಯ ನನಗೆ ಕಾಣುವುದಿಲ್ಲ. ಮೋಸದ ಭಯವೂ ಇದೆ. ಸಿರುಗುಪ್ಪ ಗಡಿ ತಾಲ್ಲೂಕು, ಗಡಿಯಾಚೆಯ ಆದೋನಿ ಕಡೆಯ ಠೇವಣಿಯಿಲ್ಲದ ಬಾಟಲಿ ಈ ಕಡೆ ಬಂದು ದುಡ್ಡಾಗದೆ ಇರುತ್ತದೆಯೇ? ಬರುತ್ತದೆ. ಚೀಟಿಯ ಗುರುತು ಇಲ್ಲದ್ದಕ್ಕೆ ಹಣವಿಲ್ಲ ಎಂಬ ನಿಯಮ ಅದಕ್ಕೇ ಬೇಕು. ಒಂದು ಜಿಲ್ಲೆಗಷ್ಟೇ ಠೇವಣಿ ತರುವುದು ಅರ್ಧ ಕೆಲಸ ಎಂಬುದಕ್ಕೂ ಇದೇ ಕಾರಣ.

ಇನ್ನೊಂದು ಆಕ್ಷೇಪ ಬುಡಕ್ಕೇ ಕೊಡಲಿ ಹಾಕುತ್ತದೆ: ಮರುಬಳಕೆ ಎಂಬುದೇ ಕಂಪನಿಗಳ ಕಣ್ಕಟ್ಟು, ಬಾಟಲಿಯನ್ನೇ ನಿಲ್ಲಿಸಿ. 2017ರಲ್ಲಿ ಅಮೆರಿಕದ ವಿಜ್ಞಾನಿಗಳು ಹಾಕಿದ ಲೆಕ್ಕದಲ್ಲಿ, 2015ರವರೆಗೆ ಜಗತ್ತಿನಲ್ಲಿ ಕಸವಾದ ಪ್ಲಾಸ್ಟಿಕ್ಕಿನ ಪೈಕಿ ಮರುಬಳಕೆಯಾದದ್ದು ಸುಮಾರು ಶೇಕಡ 9. ಬಾಟಲಿ ಒಮ್ಮೆ ನೂಲಾದ ಮೇಲೆ ಆ ಅಂಗಿ ಮತ್ತೆ ಬಾಟಲಿ ಆಗುವುದು ತೀರ ಅಪರೂಪ, ಅದರ ಪಯಣ ಅಲ್ಲಿಗೆ ಬಹುತೇಕ ಮುಗಿದಂತೆ. ಈ ಆಕ್ಷೇಪದ ಅರ್ಧವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಕೊಳ್ಳದ ಬಾಟಲಿಯಷ್ಟು ಒಳ್ಳೆಯ ಬಾಟಲಿ ಇಲ್ಲ. ಹಳ್ಳಿಗಳು ಈ ವಿಷಯದಲ್ಲಿ ನಗರಕ್ಕಿಂತ ಮುಂದಿವೆ ಎಂಬುದನ್ನು ಯಾರೂ ಹೇಳುವುದಿಲ್ಲ. ರಾಜ್ಯದ ಸಾವಿರಾರು ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, ನಾಣ್ಯ ಹಾಕಿ 20 ಲೀಟರಿನ ಕ್ಯಾನು ತುಂಬಿಸಿ ಸೈಕಲ್ಲಿಗೋ ಬೈಕಿಗೋ ಕಟ್ಟಿಕೊಂಡು ಹೋಗುತ್ತಾರೆ. ಒಂದೇ ಕ್ಯಾನು ವರ್ಷಗಟ್ಟಲೆ ಬಾಳುತ್ತದೆ. ಘಟಕ ಕೆಟ್ಟು ನಿಂತಾಗ ಬಾಟಲಿಯ ಮಾರಾಟ ಏರುವುದು ಸಹಜ. ಕೆಟ್ಟ ಘಟಕವನ್ನು ವಾರದೊಳಗೆ ರಿಪೇರಿ ಮಾಡಿಸುವ ಪಂಚಾಯಿತಿ ಸದ್ದಿಲ್ಲದೆ ಪ್ಲಾಸ್ಟಿಕ್ ಕಡಿಮೆ ಮಾಡುತ್ತಿರುತ್ತದೆ. 4.9 ಲೀಟರಿಗಿಂತ ದೊಡ್ಡ ಡಬ್ಬಿ, ಕ್ಯಾನುಗಳನ್ನು ಕಂಪನಿಗಳು ಹೆಚ್ಚಾಗಿ ಮತ್ತೆ ತುಂಬಿಯೇ ಬಳಸಬೇಕೆಂದು 2022ರ ಮಾರ್ಗಸೂಚಿಯೂ ಹೇಳುತ್ತದೆ. ಆದರೆ ಆಕ್ಷೇಪದ ಇನ್ನರ್ಧ ನಿಲ್ಲುವುದಿಲ್ಲ. ಫಿನಾಯಿಲು, ಅಡುಗೆ ಎಣ್ಣೆ, ಕೀಟನಾಶಕಗಳನ್ನು ನಾಳೆಯಿಂದ ಬಿಂದಿಗೆಯಲ್ಲಿ ಮಾರುವಂತಿಲ್ಲ. ಜಗತ್ತಿನ ಶೇಕಡ 9 ಎಂಬುದು ಎಲ್ಲ ಪ್ಲಾಸ್ಟಿಕ್ಕಿನ ಸರಾಸರಿ. ಒಂದೇ ಜಾತಿಯ, ಕಣ್ಣಿಗೆ ಕಾಣುವ, ಕೈಗೆ ಸಿಗುವ ಬಾಟಲಿಯನ್ನು ಬಿಸ್ಕತ್ತಿನ ಹಾಳೆಯ ಜೊತೆ ಒಂದೇ ತಕ್ಕಡಿಗೆ ಹಾಕಿದರೆ ಅದು ಅನ್ಯಾಯದ ತೂಕ.

ಈ ಸೀಮೆಯಲ್ಲಿ ನಿಜವಾಗಿ ನಿದ್ದೆಗೆಡಿಸಬೇಕಾದದ್ದು ನೀರಿನ ಬಾಟಲಿಯೂ ಅಲ್ಲ. ಹತ್ತಿಗೆ, ಮೆಣಸಿನಕಾಯಿಗೆ, ಭತ್ತಕ್ಕೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ, ಖಾಲಿ ಡಬ್ಬಿ. ಅದರಲ್ಲಿ ದೊಡ್ಡ ಪಾಲು ಶಾಂಪೂ ಡಬ್ಬಿಯ ಜಾತಿಯ ಎಚ್‌ಡಿ ಪ್ಲಾಸ್ಟಿಕ್ಕೇ. ಒಳಗೆ ಅಂಟಿದ ವಿಷ ಮಾತ್ರ ಬೇರೆ. 1971ರ ಕೀಟನಾಶಕ ನಿಯಮಗಳು ಇಂಥ ಡಬ್ಬಿಗಳನ್ನು ಮತ್ತೆ ಬಳಸಲಾಗದಂತೆ ಒಡೆದು, ಜನವಸತಿಯಿಂದ ದೂರ ಹೂಳಬೇಕೆನ್ನುತ್ತವೆ. ಎರಡು–ಮೂರು ಅಡಿಯಲ್ಲೇ ನೀರು ಜಿನುಗುವ ಗದ್ದೆಯ ನೆಲದಲ್ಲಿ ದೂರ ಎಂದರೆ ಎಲ್ಲಿ, ಹೂಳುವುದೆಂದರೆ ಹೇಗೆ? ಡಬ್ಬಿ ಬದುವಿನಲ್ಲಿ ಉಳಿಯುತ್ತದೆ, ಇಲ್ಲವೇ ಗುಜರಿ ಸೇರುತ್ತದೆ. ಗುಜರಿಯ ತಕ್ಕಡಿಗೆ ಅದೂ ಒಂದು ಬಿಳಿ ಡಬ್ಬಿ. ಅಲ್ಲಿಂದ ಮುಂದೆ ಅದು ಕರಗಿ ಬಕೆಟ್ಟಾಗುವುದನ್ನೋ ಕೊಡವಾಗುವುದನ್ನೋ ತಡೆಯುವ ಕೊಂಡಿ ಈ ಸರಪಳಿಯಲ್ಲಿ ಇಲ್ಲ. ಮರುಬಳಕೆಯ ಪ್ಲಾಸ್ಟಿಕ್ಕಿನ ಪಾತ್ರೆಯಲ್ಲಿ ಆಹಾರ ಇಡಬಾರದೆಂದು 1999ರ ನಿಯಮಗಳು ಹೇಳಿದ್ದು, ಪಾನೀಯದ ಬಾಟಲಿಗೆ ಮರುಬಳಕೆಯ ಪೆಟ್ ಅನ್ನು ಎಷ್ಟೋ ವರ್ಷಗಳ ನಂತರ, ಕಟ್ಟುನಿಟ್ಟಿನ ಷರತ್ತಿನೊಂದಿಗೆ ಒಪ್ಪಿದ್ದು ಇಂಥ ಅಂಜಿಕೆಯಿಂದಲೇ. ಊರಿನ ಸಂತೆಯಲ್ಲಿ ಮಾರುವ ಗಾಢಬಣ್ಣದ ಅಗ್ಗದ ಕೊಡವನ್ನು ಸಾಮಾನಿಗೆ ಇಟ್ಟುಕೊಳ್ಳಿ, ಕುಡಿಯುವ ನೀರಿಗೆ ಬೇಡ ಎನ್ನುವುದು ಅತಿ ಜಾಗ್ರತೆಯ ಮಾತಲ್ಲ. ಇದಕ್ಕೆ ತಿರುವುಮುರುವಾದ ಅಪಾಯ ಇನ್ನೂ ಹತ್ತಿರದ್ದು: ಉಳಿದ ಎಣ್ಣೆಯನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದು ಗೂಡಿನಲ್ಲಿಡುವುದು. ಮಕ್ಕಳಿಗೆ ಬಾಟಲಿಯ ಆಕಾರವಷ್ಟೇ ಗೊತ್ತು.

ಡಬ್ಬಿಯನ್ನು ಸುರಕ್ಷಿತ ಮಾಡುವ ವಿಧಾನ ಸರಳ. ಸ್ಪ್ರೇಯರಿಗೆ ಸುರಿದ ಕೂಡಲೇ ಡಬ್ಬಿಗೆ ಕಾಲು ಭಾಗ ನೀರು ಹಾಕಿ ಅಲುಗಿಸಿ ಆ ನೀರನ್ನು ಸ್ಪ್ರೇಯರಿಗೇ ಸುರಿಯಬೇಕು, ಹೀಗೆ ಮೂರು ಸಲ. ವಿಷವೂ ದಂಡವಾಗುವುದಿಲ್ಲ, ಕಾಲುವೆಯಲ್ಲಿ ತೊಳೆಯುವುದೂ ತಪ್ಪುತ್ತದೆ. ಆಮೇಲೆ ತಳಕ್ಕೆ ಮೊಳೆ ಹೊಡೆದು ತೂತು ಮಾಡಿದರೆ ಮತ್ತಾರೂ ಅದರಲ್ಲಿ ಸೀಮೆಎಣ್ಣೆ ತುಂಬಿಡುವುದಿಲ್ಲ. ಇಷ್ಟು ಮಾಡಿಯೂ ಅದು ಮನೆಯ ಬಾಟಲಿಗಳ ಚೀಲಕ್ಕೆ ಬೀಳಬಾರದು, ಅದರ ದಾರಿಯೇ ಬೇರೆ ಇರಬೇಕು. ಬ್ರೆಜಿಲ್ 2000ನೇ ಇಸವಿಯಲ್ಲಿ ಮಾಡಿದ ಕಾಯಿದೆ ಇದನ್ನೇ ವಿಧಿಸಿತು: ರೈತ ಮೂರು ಸಲ ತೊಳೆದು ಮರಳಿಸಬೇಕು, ಮಾರಿದವನು ಪಡೆಯಬೇಕು, ತಯಾರಕ ಸಾಗಿಸಿ ವಿಲೇವಾರಿ ಮಾಡಬೇಕು. ಅಲ್ಲಿ ವಿಷಕ್ಕೆ ನೇರ ತಾಗಿದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೀಗೆ ಮರಳುತ್ತವೆ. ಅದು ಸಾವಿರಾರು ಎಕರೆಯ ಜಮೀನುದಾರರ ದೇಶ, ನಮ್ಮ ಮೂರೆಕರೆಯ ರೈತನಿಗೆ ಹೊಂದದು ಎಂಬ ಮಾತು ಬರಬಹುದು. ಹೊಂದಿಸಲು ನಮ್ಮಲ್ಲಿ ಬೇರೆಯದೇ ಅನುಕೂಲವಿದೆ. ಈ ಕಡೆಯ ರೈತರಲ್ಲಿ ಅನೇಕರು ಬೀಜ, ಗೊಬ್ಬರ, ಎಣ್ಣೆಯನ್ನು ಅಂಗಡಿಯಿಂದ ಉದ್ರಿಯಾಗಿ ತಂದು, ಸುಗ್ಗಿಯಲ್ಲಿ ಮಾಲು ಮಾರಿದ ಮೇಲೆ ಲೆಕ್ಕ ಚುಕ್ತಾ ಮಾಡುತ್ತಾರೆ. ಕೈಯಿಂದ ಠೇವಣಿ ಇಡಬೇಕಾದ ಕಷ್ಟವೇ ಇಲ್ಲಿಲ್ಲ. ಡಬ್ಬಿಯೊಂದಕ್ಕೆ ಹತ್ತು–ಇಪ್ಪತ್ತು ರೂಪಾಯಿಯನ್ನು ಅಂಗಡಿಯವನು ಉದ್ರಿ ಪುಸ್ತಕದಲ್ಲೇ ಬರೆದುಕೊಳ್ಳಬಹುದು, ಸುಗ್ಗಿಯ ಲೆಕ್ಕಕ್ಕೆ ಬರುವ ದಿನ ರೈತ ತೂತು ಹೊಡೆದ ಡಬ್ಬಿಗಳ ಚೀಲವನ್ನೂ ತಂದರೆ ಅಷ್ಟನ್ನು ಬಾಕಿಯಲ್ಲಿ ಮುರಿದುಕೊಳ್ಳಬಹುದು. ಅಂಗಡಿಯವನ ಲೈಸೆನ್ಸು ನವೀಕರಿಸುವಾಗ ಎಷ್ಟು ಡಬ್ಬಿ ಮಾರಿದೆ, ಎಷ್ಟು ಮರಳಿ ಪಡೆದೆ ಎಂದು ಕೃಷಿ ಇಲಾಖೆ ಕೇಳಿದರೆ ಸಾಕು. ಅವನು ಮಾರಾಟದ ಲೆಕ್ಕವನ್ನು ಈಗಲೂ ಇಲಾಖೆಗೆ ತೋರಿಸಲೇಬೇಕು. ಅದೇ ಪುಸ್ತಕಕ್ಕೆ ಇನ್ನೊಂದು ಕಾಲಮ್ ಸೇರಿಸಬೇಕು, ಅಷ್ಟೆ.